ಗಿಟಾರಿನ ಬೆನ್ನನ್ನು ನಂಬಬಾರದು

ಅಕೂಸ್ಟಿಕ್ ಗಿಟಾರ್ ಕಟ್ಟುವವರು ಹೆಚ್ಚಾಗಿ ಅಂಜುವುದು ಪಕ್ಕೆ ಬಗ್ಗಿಸುವುದಕ್ಕಲ್ಲ, ಅಂಚು ಕೊರೆಯುವುದಕ್ಕೆ. ಬಗ್ಗಿಸುವಾಗ ಮರ ಸೀಳಿದರೆ ಒಂದು ಪಟ್ಟಿ ಹೋಯಿತು, ಇನ್ನೊಂದನ್ನು ಬಗ್ಗಿಸಿದರಾಯಿತು. ಬೈಂಡಿಂಗಿಗಾಗಿ ಅಂಚು ಕೊರೆಯುವ ಹೊತ್ತಿಗೆ ಪೆಟ್ಟಿಗೆ ಪೂರ್ತಿ ಅಂಟಿ ಮುಚ್ಚಿರುತ್ತದೆ. ಆಗ ಕಟರ್ ಒಮ್ಮೆ ಒಳಕ್ಕೆ ಹಾರಿದರೆ ವಾರಗಟ್ಟಲೆಯ ಕೆಲಸ ಹಾಳು. ಬೈಂಡಿಂಗ್ ಎಂದರೆ ಮೇಲ್ಹಲಗೆ ಮತ್ತು ಬೆನ್ನಿನ ಹಲಗೆ ಪಕ್ಕೆಯನ್ನು ಸೇರುವಲ್ಲಿ ಸುತ್ತಲೂ ಕೂರಿಸುವ ತೆಳು ಪಟ್ಟಿ. ಸಾಮಾನ್ಯವಾಗಿ ಒಂದೂವರೆ ಮಿಲಿಮೀಟರ್ ದಪ್ಪ, ಆರು ಮಿಲಿಮೀಟರ್ ಎತ್ತರ. ಅದು ಬರಿಯ ಅಲಂಕಾರವಲ್ಲ. ಹಲಗೆಯ ಕಡಿದ ತುದಿಯಿಂದ ತೇವ ಒಳಗಿಳಿಯದಂತೆ ತಡೆಯುತ್ತದೆ, ತಾಗಿದ ಪೆಟ್ಟನ್ನು ತಾನೇ ತಿನ್ನುತ್ತದೆ. ಅಮೆರಿಕದ ಮಾರ್ಟಿನ್ ಕಂಪನಿ ತನ್ನ ದುಬಾರಿ ಗಿಟಾರುಗಳಿಗೆ 1918ರವರೆಗೂ ಆನೆದಂತದ ಬೈಂಡಿಂಗ್ ಹಾಕುತ್ತಿತ್ತು. ಆಮೇಲೆ ಸೆಲ್ಯುಲಾಯ್ಡ್ ಬಂತು, ಈಗ ಪ್ಲಾಸ್ಟಿಕ್ ಅಥವಾ ಬೀಟೆಯಂಥ ಗಟ್ಟಿಮರ. ವಸ್ತು ಯಾವುದಾದರೂ ಕೂರಿಸುವ ಜಾಗ ಒಂದೇ: ಬಾಗಿಲ ಚೌಕಟ್ಟಿಗೆ ನಮ್ಮ ಬಡಗಿಗಳು ಹೊಡೆಯುವ ರಿಬೇಟು. ವ್ಯತ್ಯಾಸವೆಂದರೆ ಚೌಕಟ್ಟು ನೇರ, ಸಪಾಟು. ಗಿಟಾರಿನಲ್ಲಿ ನೇರವಾದದ್ದೂ ಸಪಾಟಾದದ್ದೂ ಯಾವುದೂ ಇಲ್ಲ. ಮನೆಯಲ್ಲೇ ಇದಕ್ಕೆ ಜಿಗ್, ಅಂದರೆ ಯಂತ್ರವನ್ನು ಹಿಡಿದು ನಡೆಸುವ ಸಾಧನ, ಮಾಡಿಕೊಳ್ಳುವವರು ಎಡವುವುದೂ ಇಲ್ಲೇ. ಯಂತ್ರ ಚಿಕ್ಕದಾಯಿತು, ಕಟರ್ ಅಗ್ಗದ್ದಾಯಿತು ಎಂದು ಕೊರಗುತ್ತಾರೆ. ನನ್ನ ಅನುಭವ ಹೇಳುವುದು ಬೇರೆ. ಯಂತ್ರವನ್ನು ಯಾವ ಮುಖದ ಮೇಲೆ ಒರಗಿಸುತ್ತೀರಿ ಎನ್ನುವುದರಲ್ಲೇ ಕೆಲಸದ ಬಹುಪಾಲು ತೀರ್ಮಾನವಾಗಿ ಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ಅಕೂಸ್ಟಿಕ್ ಗಿಟಾರಿನ ಬೆನ್ನು ಕಣ್ಣಿಗೆ ಸಪಾಟಾಗಿ ಕಂಡರೂ ದೊಡ್ಡ ಗೋಳವೊಂದರ ತುಣುಕಿನಂತೆ ಉಬ್ಬಿರುತ್ತದೆ. ಆ ಗೋಳದ ತ್ರಿಜ್ಯ ಸುಮಾರು ನಾಲ್ಕೂವರೆ ಮೀಟರ್ ಇಡುವುದು ರೂಢಿ. ಮೇಲ್ಹಲಗೆಗೆ ಎಂಟು ಮೀಟರ್ ಆಸುಪಾಸು. ಕೆಳಗಿನ ಅಗಲದ ಭಾಗ 400 ಮಿ.ಮೀ. ಇದ್ದರೆ ನಡುವಿನಿಂದ ಅಂಚಿಗೆ 200 ಮಿ.ಮೀ. ಅಂದರೆ ಅಂಚಿನಲ್ಲಿ ಬೆನ್ನು ಹೊರಕ್ಕೆ ಸುಮಾರು ಎರಡೂವರೆ ಡಿಗ್ರಿ ಇಳಿಜಾರಾಗಿರುತ್ತದೆ. ಕಟರ್ ತಿರುಗಿಸುವ ಚಿಕ್ಕ ಕೈರೌಟರಾದ ಟ್ರಿಮ್ಮರಿನ ತಳವನ್ನು ಆ ಬೆನ್ನಿನ ಮೇಲೆ ಕೂರಿಸಿ ಓಡಿಸಿದರೆ ಕಟರೂ ಅಷ್ಟೇ ಓರೆಯಾಗುತ್ತದೆ. ಆರು ಮಿಲಿಮೀಟರ್ ಎತ್ತರದ ರಿಬೇಟಿನಲ್ಲಿ ಈ ಓರೆ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು, 0.27ರಷ್ಟು. ಒಂದೂವರೆ ಮಿಲಿಮೀಟರಿನ ಪಟ್ಟಿಗೆ ಇದು ಆರನೆಯ ಒಂದು ಭಾಗಕ್ಕೂ ಮಿಗಿಲು. ಎಲ್ಲ ಕಡೆ ಒಂದೇ ಸಮ ಓರೆಯಾಗಿದ್ದರೆ ಹೇಗೋ ಸರಿಪಡಿಸಬಹುದಿತ್ತು. ಆದರೆ ಸೊಂಟದಲ್ಲಿ ಗಿಟಾರಿನ ಅಗಲ 240 ಮಿ.ಮೀ. ಮಾತ್ರ, ಅಲ್ಲಿ ಓರೆ ಒಂದೂವರೆ ಡಿಗ್ರಿಗೆ ಇಳಿಯುತ್ತದೆ, ದೋಷ 0.16 ಆಗುತ್ತದೆ. ಪಟ್ಟಿ ಅಂಟಿಸಿ ಪಕ್ಕೆಯ ಮಟ್ಟಕ್ಕೆ ಹೆರೆದಾಗ ಬೈಂಡಿಂಗ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಉಳಿಯುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗ ಯಾರಿಗೆ ಕಾಣುತ್ತದೆ ಎಂದು ಕೇಳಬಹುದು. ಕಪ್ಪು ಬೀಟೆಯ ಪಕ್ಕದಲ್ಲಿ ಬಿಳಿಯ ಗೆರೆ ಎಳೆದರೆ ಎಲ್ಲರಿಗೂ ಕಾಣುತ್ತದೆ. ಅಗಲ ಬದಲಾಗುವ ಗೆರೆಯನ್ನು ಕಣ್ಣು ಕ್ಷಮಿಸುವುದಿಲ್ಲ.

ಹಾಗಾದರೆ ಪರಿಹಾರವೇನು? ಅಂಚು ಕೊರೆಯುವಾಗ ಮೂರು ಅಳತೆಗಳು ಬೇಕು: ಪಕ್ಕೆಯಿಂದ ಎಷ್ಟು ಒಳಕ್ಕೆ, ಹಲಗೆಯಿಂದ ಎಷ್ಟು ಕೆಳಕ್ಕೆ, ಕಟರ್ ಯಾವ ಕೋನದಲ್ಲಿ. ಟ್ರಿಮ್ಮರನ್ನು ನೇರವಾಗಿ ಬೆನ್ನಿನ ಮೇಲೆ ಇಟ್ಟವನು ಎರಡನೆಯದನ್ನೂ ಮೂರನೆಯದನ್ನೂ ಒಂದೇ ಮುಖದಿಂದ ಕೇಳುತ್ತಿದ್ದಾನೆ. ಆಳವನ್ನು ಬೆನ್ನು ಸರಿಯಾಗಿಯೇ ಹೇಳುತ್ತದೆ; ಕೋನದ ವಿಷಯದಲ್ಲಿ ಸುಳ್ಳು ಹೇಳುತ್ತದೆ. ಆದ್ದರಿಂದ ಕೋನವನ್ನು ಬೆನ್ನಿನಿಂದ ಕಿತ್ತುಕೊಂಡು ಮೇಜಿಗೆ ಕೊಡಬೇಕು. ಮೇಜಿನ ಮೇಲೆ ಲಂಬವಾದ ಗೋಪುರ ನಿಲ್ಲಿಸಿ, ಅದರ ಮೇಲೆ ಟ್ರಿಮ್ಮರ್ ಮೇಲಕ್ಕೂ ಕೆಳಕ್ಕೂ ಮಾತ್ರ ಜಾರುವಂತೆ ಮಾಡಿದರೆ ಕಟರ್ ಎಂದೂ ಓರೆಯಾಗದು. ಟ್ರಿಮ್ಮರಿನ ಅಗಲವಾದ ತಳವನ್ನು ತೆಗೆದು, ಕಟರಿನ ಸುತ್ತ ಚಿಕ್ಕ ಉಂಗುರದಂಥ ಪಾದವೊಂದನ್ನು ಮಾತ್ರ ಬಿಟ್ಟರೆ ಅದು ಅಂಚಿನ ಹತ್ತಿರದ ಬೆನ್ನನ್ನಷ್ಟೇ ತಾಗಿ ಉಬ್ಬನ್ನು ಅನುಸರಿಸುತ್ತ ಏರಿಳಿಯುತ್ತದೆ. ಒಳಕ್ಕೆ ಎಷ್ಟು ಎನ್ನುವುದನ್ನು ಪಕ್ಕೆಗೆ ತಾಗುವ ಬೇರಿಂಗ್ ಹೇಳುತ್ತದೆ. ಇದು ಹೊಸ ಶೋಧನೆಯೇನಲ್ಲ. ಸ್ಪೇನಿನ ಹಳೆಯ ಗಿಟಾರ್ ಕುಶಲಿಗಳ ಕೈಯಲ್ಲಿದ್ದ ಗ್ರಮಿಲ್ ಎಂಬ ಚೂರಿ ಕಟ್ಟಿದ ಗೇಜಿನ ತತ್ತ್ವವೂ ಇದೇ. ಅದರ ಒರಗು ಅಂಚಿನ ಒಂದು ಚುಕ್ಕೆಯನ್ನಷ್ಟೇ ಮುಟ್ಟುತ್ತದೆ, ಹಲಗೆಯ ನಡುವೆ ಏನಿದೆ ಎಂಬ ಗೊಡವೆಗೆ ಹೋಗುವುದಿಲ್ಲ. 1892ರಲ್ಲಿ ತೀರಿಕೊಂಡ ಆಂಟೋನಿಯೋ ದೆ ಟೊರೆಸ್‌ನ ಕಾಲದಲ್ಲಿ ರೌಟರೇ ಇರಲಿಲ್ಲ, ಅಂಚುಗಳು ಮಾತ್ರ ಇಂದಿಗೂ ನೋಡುವಂತಿವೆ.

ಸಾಣಾಪುರದಂಥ ಊರಲ್ಲಿ ಕುಳಿತು ಗಿಟಾರಿನ ಜಿಗ್ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಹಂಪಿಯ ಆಚೆ ದಡದ ಈ ಬಂಡೆಗಳ ನಾಡಿಗೆ ಬಂಡೆ ಹತ್ತುವವರ ಬೆನ್ನಿಗೆ ನೇತುಬಿದ್ದು ಗಿಟಾರ್ ಬಂದು ಎಷ್ಟೋ ವರ್ಷವಾಯಿತು. 2020ರಲ್ಲಿ ವಿರೂಪಾಪುರಗಡ್ಡೆಯ ರೆಸಾರ್ಟುಗಳು ತೆರವಾದ ಮೇಲೂ ಅದು ಇಲ್ಲಿಂದ ಹೋಗಿಲ್ಲ. ಅದಿರಲಿ, ಜಿಗ್ಗಿನ ವಿಷಯದಲ್ಲಿ ಈ ಸೀಮೆಗೆ ಒಂದು ಅನುಕೂಲವಿದೆ: ಗ್ರಾನೈಟ್. ಕುಷ್ಟಗಿ, ಇಳಕಲ್ ಕಡೆಯ ಕಲ್ಲು ದೇಶವಿದೇಶಕ್ಕೆ ಹೋಗುತ್ತದೆ. ಅಡುಗೆಮನೆಯ ಕಟ್ಟೆಗೆ ಸಿಂಕ್ ಕೂರಿಸಲು ಕೊರೆದು ತೆಗೆದ ಪಾಲಿಶ್ ತುಂಡುಗಳು ಕಲ್ಲಿನ ಅಂಗಡಿಗಳ ಹಿಂದೆ ಬಿದ್ದಿರುತ್ತವೆ. ಹದಿನೆಂಟು-ಇಪ್ಪತ್ತು ಮಿಲಿಮೀಟರ್ ದಪ್ಪದ ಆ ತುಂಡಿನಷ್ಟು ಸಪಾಟಾದ ಮೇಜು ಆ ಬೆಲೆಗೆ ಬೇರೆಲ್ಲೂ ಸಿಗದು. ಪ್ಲೈವುಡ್ ಹಲಗೆ ಬೇಸಿಗೆಯ ಒಣಗಾಳಿಗೆ ಒಂದು ಬಗೆ, ಎಡದಂಡೆ ಕಾಲುವೆಯ ನೀರು ಗದ್ದೆಗಳಲ್ಲಿ ನಿಂತ ಮಳೆಗಾಲಕ್ಕೆ ಇನ್ನೊಂದು ಬಗೆ ಬಾಗುತ್ತದೆ, ಕಲ್ಲು ಬಾಗುವುದಿಲ್ಲ. ಗಿಟಾರಿನ ಪೆಟ್ಟಿಗೆ ಅರ್ಧ ಮೀಟರ್ ಉದ್ದ ಇರುವಾಗ ಅದನ್ನು ಸುತ್ತ ತಿರುಗಿಸಲು ಎರಡಡಿಯ ಕಲ್ಲು ಸಾಲದಲ್ಲ ಎಂದೆನಿಸುತ್ತದೆ. ಸಾಲುತ್ತದೆ. ಗೋಪುರ ಸ್ಥಿರವಾಗಿದ್ದು, ಕೊರೆಯುವ ಅಂಚನ್ನು ಸದಾ ಗೋಪುರದ ಕಡೆಗೆ ತಿರುಗಿಸುತ್ತ ಹೋದರೆ ಪೆಟ್ಟಿಗೆಯ ನಡುಭಾಗ ಗೋಪುರದ ಮುಂದಿನ ಚಿಕ್ಕ ಜಾಗದಲ್ಲೇ ಸುತ್ತುತ್ತದೆ. ಉಳಿದದ್ದು ಕಲ್ಲಿನಿಂದಾಚೆ ಗಾಳಿಯಲ್ಲಿದ್ದರೆ ತೊಂದರೆಯಿಲ್ಲ. ಒಂದೇ ಎಚ್ಚರಿಕೆ, ಕಲ್ಲಿನ ಮೇಲೆ ಹೊಟ್ಟು ನಿಲ್ಲಬಾರದು. ಪೆಟ್ಟಿಗೆಯನ್ನು ಹೊತ್ತ ತೊಟ್ಟಿಲ ಕಾಲಿನಡಿ ಸಿಕ್ಕ ಒಂದು ಚಿಟಿಕೆ ಹೊಟ್ಟು ಇಡೀ ಪೆಟ್ಟಿಗೆಯನ್ನು ವಾಲಿಸುತ್ತದೆ.

ಗೋಪುರದ ಜಾರುವಿಕೆಗೆ ಡ್ರಾಯರುಗಳಿಗೆ ಹಾಕುವ ಬಾಲ್‌ಬೇರಿಂಗ್ ಚಾನಲ್ ಸಾಕು ಎನ್ನುವವರಿದ್ದಾರೆ, ಸಾಲದು ಎನ್ನುವವರೂ ಇದ್ದಾರೆ. ಇಬ್ಬರೂ ಅರ್ಧ ಸರಿ. ಹೊಸ ಚಾನಲ್ ಕೈಯಲ್ಲಿ ಹಿಡಿದು ಅಲುಗಿಸಿದರೆ ಅಡ್ಡಡ್ಡ ತುಸು ಸಡಿಲವಿರುವುದು ಗೊತ್ತಾಗುತ್ತದೆ. ಕಟರ್ ಗೋಪುರದಿಂದ ಮುಂದಕ್ಕೆ ಚಾಚಿಕೊಂಡಿರುವುದರಿಂದ ಆ ಸಡಿಲ ಅಲ್ಲಿ ಹಿಗ್ಗಿ ಕಾಣುತ್ತದೆ. ಹಾಗಾಗಿ ಒಂದೇ ಚಾನಲ್ಲಿನ ಮೇಲೆ ಟ್ರಿಮ್ಮರ್ ತೂಗುಹಾಕುವುದು ತಪ್ಪು. ಎರಡು ಚಾನಲ್‌ಗಳನ್ನು ಎದುರುಬದುರು ನಿಲ್ಲಿಸಿ, ನಡುವೆ ಟ್ರಿಮ್ಮರ್ ಹೊರುವ ಮರದ ಗೂಡನ್ನು ಕೂದಲೆಳೆಯಷ್ಟು ದೊಡ್ಡದಾಗಿ ಮಾಡಿ ಎರಡನ್ನೂ ಬಿಗಿಯಾಗಿ ಒತ್ತಿದರೆ ಸಡಿಲ ಹೆಚ್ಚುಕಡಿಮೆ ಮಾಯವಾಗುತ್ತದೆ. ಚಾಚು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಇದಕ್ಕಿಂತ ದೊಡ್ಡ ಸಮಸ್ಯೆ ತೂಕ. ಹಿಡಿಕೆ ಸೇರಿ ಟ್ರಿಮ್ಮರ್ ಒಂದೂವರೆ ಕಿಲೋ ದಾಟುತ್ತದೆ; ಅಷ್ಟೂ ಭಾರ ಚಿಕ್ಕ ಪಾದದ ಮೂಲಕ ಮೂರು ಮಿಲಿಮೀಟರಿಗೂ ತೆಳುವಾದ ಸ್ಪ್ರೂಸ್ ಹಲಗೆಯ ಮೇಲೆ ಬಿದ್ದರೆ ಅಚ್ಚೊತ್ತಿದ ಗೆರೆ ಸುತ್ತಲೂ ಉಳಿಯುತ್ತದೆ. ಬಾವಿಯ ಏತದ ಹಿಂತುದಿಗೆ ಕಲ್ಲು ಕಟ್ಟುವಂತೆ ರಾಟೆಯೊಂದರ ಮೇಲಿಂದ ದಾರ ಹಾಯಿಸಿ ಮರುತೂಕ ಕಟ್ಟಬೇಕು. ಮರುತೂಕ ಟ್ರಿಮ್ಮರಿಗಿಂತ ಎರಡು-ಮೂರು ನೂರು ಗ್ರಾಂ ಕಡಿಮೆಯಿದ್ದರೆ ಪಾದ ಹಲಗೆಯನ್ನು ಬಿಟ್ಟೇಳುವುದಿಲ್ಲ, ಒತ್ತುವುದೂ ಇಲ್ಲ. ಪಾದದ ತಳಕ್ಕೆ ನೈಲಾನ್ ಹಾಳೆ ಅಂಟಿಸಿದರೆ ಇನ್ನೂ ನಿಶ್ಚಿಂತೆ.

ಬೇರಿಂಗಿನ ಲೆಕ್ಕ ಸುಲಭ, ಹಾಗಾಗಿಯೇ ಜನ ಅಲಕ್ಷಿಸುತ್ತಾರೆ. ಕಟರಿನ ವ್ಯಾಸದಿಂದ ಬೇರಿಂಗಿನ ವ್ಯಾಸ ಕಳೆದು ಎರಡರಿಂದ ಭಾಗಿಸಿದರೆ ರಿಬೇಟು ಎಷ್ಟು ಒಳಕ್ಕೆ ಹೋಗುತ್ತದೆಂದು ಸಿಗುತ್ತದೆ. ಹತ್ತೊಂಬತ್ತು ಮಿಲಿಮೀಟರ್ ಕಟರಿಗೆ ಹದಿನಾರರ 625 ನಂಬರಿನ ಬೇರಿಂಗ್ ಹಾಕಿದರೆ ಒಂದೂವರೆ ಮಿಲಿಮೀಟರ್; ಹದಿಮೂರರ 624 ಹಾಕಿದರೆ ಮೂರು, ಬೈಂಡಿಂಗಿನ ಒಳಗಿನ ಅಲಂಕಾರದ ಗೆರೆಗೂ ಜಾಗವಾಯಿತು. ಎರಡೂ ಬೇರಿಂಗ್ ಅಂಗಡಿಗಳಲ್ಲಿ ಸಾಮಾನ್ಯ ಮಾಲು. ತೂತು ಕಟರಿನ ದಂಡಕ್ಕೆ ಹೊಂದದಿದ್ದರೆ ಲೇತ್ ಅಂಗಡಿಯಲ್ಲಿ ಬುಷ್ ಮಾಡಿಸಬೇಕು. ಕಾಗದ ಸುತ್ತಿ ಹೊಂದಿಸಬಾರದು. ನನಗಂತೂ ಬೇರಿಂಗಿಗಿಂತ ಗೋಪುರಕ್ಕೇ ಜೋಡಿಸಿದ, ಎಂ6 ಸ್ಕ್ರೂನಿಂದ ಹಿಂದೆಮುಂದೆ ಸರಿಸಬಹುದಾದ ಸ್ಥಿರ ಒರಗೇ ಹೆಚ್ಚು ಮೆಚ್ಚು. ಆ ಸ್ಕ್ರೂ ಒಂದು ಸುತ್ತಿಗೆ ಒಂದು ಮಿಲಿಮೀಟರ್ ಸರಿಯುತ್ತದೆ, ಹತ್ತನೆಯ ಒಂದು ಸುತ್ತಿಗೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಬೈಂಡಿಂಗ್ ಪಟ್ಟಿ ಒಂದೊಂದು ಖೇಪಿನಲ್ಲಿ ಒಂದೊಂದು ದಪ್ಪ ಬರುವುದರಿಂದ ಈ ಸೌಲಭ್ಯ ದೊಡ್ಡದು.

ಇನ್ನು ಪೆಟ್ಟಿಗೆಯನ್ನು ಹಿಡಿಯುವ ತೊಟ್ಟಿಲು. ಗೋಪುರ ಎಷ್ಟೇ ಲಂಬವಾಗಿರಲಿ, ಪಕ್ಕೆ ಲಂಬವಾಗಿಲ್ಲದಿದ್ದರೆ ಎಲ್ಲ ವ್ಯರ್ಥ. ಗಿಟಾರಿನ ಪೆಟ್ಟಿಗೆ ಕುತ್ತಿಗೆಯ ಕಡೆ ಸುಮಾರು ನೂರು, ತಳದ ಕಡೆ ನೂರಿಪ್ಪತ್ತು ಮಿಲಿಮೀಟರ್ ಎತ್ತರ. ಬೆನ್ನನ್ನು ಕೆಳಗೆ ಮಾಡಿ ಮೇಜಿನ ಮೇಲೆ ಹಾಗೇ ಮಲಗಿಸಿದರೆ ಎರಡು ಡಿಗ್ರಿಗೂ ಮೀರಿ ವಾಲುತ್ತದೆ. ಅಂದರೆ ಗೋಪುರ ಕಟ್ಟಿ ಹೊರಗೆ ಹಾಕಿದ ದೋಷವನ್ನೇ ಮತ್ತೆ ಒಳಗೆ ಕರೆದಂತಾಯಿತು. ತೊಟ್ಟಿಲಿಗೆ ಎತ್ತರ ಬದಲಿಸಬಹುದಾದ ನಾಲ್ಕು ಸ್ಕ್ರೂ ಕಂಬಗಳಿರಬೇಕು. ಕಲ್ಲಿನ ಮೇಲೆ ಮೂಲೆಮಟ್ಟ ನಿಲ್ಲಿಸಿ ತಳ, ಸೊಂಟ, ಭುಜ ಮೂರೂ ಕಡೆ ಪಕ್ಕೆಗೆ ತಾಗಿಸಿ ನೋಡಬೇಕು. ಜಿಗ್ ಸರಿಯಿದೆಯೇ ಎಂದು ಪರೀಕ್ಷಿಸಲು ಗಿಟಾರೇ ಬೇಕಿಲ್ಲ. ಯಾವುದಾದರೂ ಮರದ ತುಂಡಿನ ಮೇಲ್ಮುಖವನ್ನು ನೂರು ಮಿಲಿಮೀಟರಿಗೆ ನಾಲ್ಕೂವರೆ ಮಿಲಿಮೀಟರ್ ಇಳಿಯುವಂತೆ ಉಜ್ಜುಗೊರಡಿನಿಂದ ಹೆರೆದು, ಪಕ್ಕದ ಮುಖವನ್ನು ಲಂಬವಾಗಿಟ್ಟು ಕೊರೆಯಿರಿ. ರಿಬೇಟಿನ ಗೋಡೆ ಪಕ್ಕದ ಮುಖಕ್ಕೆ ಸಮಾಂತರವಾಗಿದ್ದರೆ ಜಿಗ್ ಗೆದ್ದಿತು.

ಇಷ್ಟೆಲ್ಲ ಏಕೆ, ಗ್ರಮಿಲ್ ಮತ್ತು ಉಳಿಯಲ್ಲೇ ಮಾಡಬಹುದಲ್ಲ ಎಂಬ ಆಕ್ಷೇಪ ಬಲವಾದದ್ದು. ಒಪ್ಪುತ್ತೇನೆ. ಜೀವನದಲ್ಲಿ ಒಂದೇ ಗಿಟಾರ್ ಕಟ್ಟುವವರಿಗೆ ನಾನು ಅದನ್ನೇ ಹೇಳುತ್ತೇನೆ, ಜಿಗ್ ಮಾಡುವ ಸಮಯದಲ್ಲಿ ಕೈಯಲ್ಲೇ ಅಂಚು ಮುಗಿದಿರುತ್ತದೆ. ಆದರೆ ಬೀಟೆಯಂಥ ಗಟ್ಟಿ ಮರದ ಬೆನ್ನಿಗೆ ಎರಡೆರಡು ಮೆಟ್ಟಿಲು ಕೈಯಲ್ಲಿ ತೆಗೆಯುವುದನ್ನು ಮೇಲಿಂದ ಮೇಲೆ ಮಾಡುವವರಿಗೆ ಜಿಗ್ ಬೇಕೇಬೇಕು. ಸಿಎನ್‌ಸಿ ಯಂತ್ರಕ್ಕೆ ಕಳಿಸಿ ಎನ್ನುವವರ ಮಾತು ನನಗೆ ಅಷ್ಟು ಹಿಡಿಸದು. ಬಗ್ಗಿಸಿದ ಪಕ್ಕೆ ಅಚ್ಚಿನಿಂದ ಹೊರಬಂದ ಮೇಲೆ ಸ್ವಲ್ಪ ಹಿಂದಕ್ಕೆ ಚಿಮ್ಮಿಕೊಳ್ಳುತ್ತದೆ, ಆದ್ದರಿಂದ ಕೈಯಲ್ಲಿ ಕಟ್ಟಿದ ಯಾವ ಪೆಟ್ಟಿಗೆಯೂ ನಕ್ಷೆಯ ಹಾಗಿರುವುದಿಲ್ಲ. ಸಿಎನ್‌ಸಿ ನಕ್ಷೆಯನ್ನು ನೋಡುತ್ತದೆ, ಒರಗು ಪಕ್ಕೆಯನ್ನು ಮುಟ್ಟುತ್ತದೆ. ಪಕ್ಕೆಯನ್ನೇ ನಂಬಿದರೆ ಪಕ್ಕೆಯ ಉಬ್ಬುತಗ್ಗುಗಳೂ ರಿಬೇಟಿಗೆ ಇಳಿಯುವುದಿಲ್ಲವೇ? ಇಳಿಯುತ್ತವೆ. ಪಕ್ಕೆಯ ಮೇಲೆ ಒಣಗಿದ ಅಂಟಿನ ಹನಿಯೊಂದಿದ್ದರೂ ಅದರ ನೆರಳು ಅಂಚಿನಲ್ಲಿ ಮೂಡುತ್ತದೆ. ಅದಕ್ಕೇ ಪಕ್ಕೆಯನ್ನು ಹೆರೆದು, ಉಜ್ಜಿ, ಸಮ ಮಾಡುವ ಕೆಲಸ ಕೊರೆಯುವುದಕ್ಕೆ ಮೊದಲೇ ಮುಗಿಯಬೇಕು. ಆಮೇಲೆ ಉಜ್ಜಿದರೆ ಬೈಂಡಿಂಗೂ ಜೊತೆಗೇ ಸವೆಯುತ್ತದೆ. ಸಂದು ಉಳಿದರೆ ತುಂಬಿದರಾಯಿತು ಎನ್ನುವ ಮಾತೂ ಕೇಳಿಬರುತ್ತದೆ. ನಮ್ಮದೇ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೊಂಬೆಯ ಬೆಸುಗೆಗಳನ್ನು ಲೇಪ ಹಚ್ಚಿ ಮುಚ್ಚಿ, ಮೇಲೆ ಬಣ್ಣ ಬಳಿಯುತ್ತಾರೆ, ಅದು ಆ ಕಲೆಯ ಕ್ರಮ. ಗಿಟಾರಿನ ಮೇಲೆ ಬಳಿಯುವುದು ಪಾರದರ್ಶಕ ಮೆರುಗು. ಅದರಡಿ ಪುಡಿ ತುಂಬಿದ ಸಂದು ಮುಚ್ಚುವುದಿಲ್ಲ, ಎದ್ದು ಕಾಣುತ್ತದೆ.

ಕೊರೆಯುವ ದಿಕ್ಕಿನ ಬಗ್ಗೆ ಒಂದು ಮಾತು. ಮೇಲ್ಹಲಗೆಯ ಸ್ಪ್ರೂಸಿನ ಎಳೆ ಉದ್ದಕ್ಕೆ ಓಡುತ್ತದೆ, ಅಂಚು ಮಾತ್ರ ಸುತ್ತುತ್ತದೆ. ಒಂದೇ ದಿಕ್ಕಿನಲ್ಲಿ ಸುತ್ತು ಹಾಕಿದರೆ ಕೆಲವು ಕಡೆ ಎಳೆ ಸೀಳಿ ಎದ್ದು ಬರುತ್ತದೆ. ಅಗಲವಾದ ಜಾಗದಿಂದ ಸೊಂಟಕ್ಕೆ, ಅಗಲವಾದ ಜಾಗದಿಂದ ತುದಿಗೆ, ಹೀಗೆ ಸದಾ ಇಳಿಜಾರಿನಲ್ಲಿ ತುಂಡುತುಂಡಾಗಿ ಕೊರೆಯಬೇಕು. ಇದರಲ್ಲಿ ಅರ್ಧ ಭಾಗ ಕಟರ್ ಎಳೆದುಕೊಳ್ಳುವ ದಿಕ್ಕು. ಅಲ್ಲಿ ತೊಟ್ಟಿಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಅರ್ಧರ್ಧ ಮಿಲಿಮೀಟರಷ್ಟೇ ತೆಗೆಯಬೇಕು. ವೋಲ್ಟೇಜ್ ಕುಸಿದ ಹೊತ್ತಿನಲ್ಲಿ ಈ ಕೆಲಸ ಬೇಡ. ಕಾರ್ಬನ್ ಬ್ರಷ್ಷಿನ ಮೋಟಾರು ವೇಗ ಕಳೆದುಕೊಂಡರೆ ಕಟರ್ ಕತ್ತರಿಸುವುದು ಬಿಟ್ಟು ಕೀಳತೊಡಗುತ್ತದೆ. ನಡುವೆ ಕರೆಂಟ್ ಹೋದರೆ ಮೊದಲು ಟ್ರಿಮ್ಮರಿನ ಸ್ವಿಚ್ ಆರಿಸಿ, ಆಮೇಲೆ ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸಿ. ಆರಿಸದೆ ಬಿಟ್ಟ ಟ್ರಿಮ್ಮರ್ ಕರೆಂಟ್ ಬಂದ ಕೂಡಲೇ ತಾನಾಗಿ ತಿರುಗುತ್ತದೆ.