ಅಂಗಡಿಗೆ ಬರುವ ದಾರಿಯ ಲೆಕ್ಕ: ಕುಂದಾಪುರದ ಬಸ್ಸು, ಸೈಕಲ್ ಮತ್ತು ವ್ಯಾಪಾರ

ವರ್ಷಾಂತ್ಯದಲ್ಲಿ ಲಾಭ-ನಷ್ಟ ಖಾತೆಯನ್ನು ಸಿದ್ಧಪಡಿಸುವಾಗ ಬಾಡಿಗೆ, ಸಂಬಳ, ವಿದ್ಯುತ್, ಬಡ್ಡಿ ಮುಂತಾದ ಎಲ್ಲ ವೆಚ್ಚಗಳಿಗೂ ಒಂದೊಂದು ಸಾಲು ಇರುತ್ತದೆ. ಆದರೆ ಗಿರಾಕಿಯು ಅಂಗಡಿಗೆ ತಲುಪಲು ಹಾಗೂ ನೌಕರನು ಕೆಲಸಕ್ಕೆ ಬಂದು ಹೋಗಲು ಪಡುವ ತೊಂದರೆಯಿಂದ ವ್ಯಾಪಾರಿಗೆ ಆಗುವ ನಷ್ಟಕ್ಕೆ ಯಾವ ಖಾತೆಯೂ ಇರುವುದಿಲ್ಲ. ಖಾತೆ ಇಲ್ಲವೆಂದ ಮಾತ್ರಕ್ಕೆ ನಷ್ಟವಿಲ್ಲವೆಂದು ಭಾವಿಸಬಾರದು. ಕುಂದಾಪುರ ಪೇಟೆಯ ಸಂದರ್ಭದಲ್ಲಿ ಈ ನಷ್ಟವನ್ನು ಅಳೆಯುವ ಕ್ರಮವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಹಿನ್ನೆಲೆ

ಕರಾವಳಿಯ ಬಸ್ ಸಾರಿಗೆಯು ಮೊದಲಿನಿಂದಲೂ ಖಾಸಗಿಯವರ ಕೈಯಲ್ಲಿದೆ. ಮಂಗಳೂರಿನಲ್ಲಿ ಸಿ.ಪಿ.ಸಿ. ಕಂಪೆನಿ ಸ್ಥಾಪನೆಯಾದದ್ದು 1914ರಲ್ಲಿ. ಮೈಸೂರು ಸರಕಾರವು 1948ರಲ್ಲಿ ತನ್ನ ಸಾರಿಗೆ ಇಲಾಖೆಯನ್ನು ಆರಂಭಿಸಿದಾಗ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದಲ್ಲಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವ ಹೊತ್ತಿಗೆ ಖಾಸಗಿ ಬಸ್ಸುಗಳು ಇಲ್ಲಿ ಬೇರೂರಿದ್ದವು. ಇದರ ಪರಿಣಾಮವನ್ನು ಇಂದಿಗೂ ಕಾಣಬಹುದು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವು ಸರಕಾರಿ ಬಸ್ಸುಗಳಿಗೆ ಮಾತ್ರ ಅನ್ವಯಿಸುವುದರಿಂದ, ಖಾಸಗಿ ಬಸ್ಸು ಮಾತ್ರವಿರುವ ಹಳ್ಳಿಯಿಂದ ಗೇರುಬೀಜ ಕಾರ್ಖಾನೆಗೋ ಬಟ್ಟೆಯಂಗಡಿಗೋ ಬರುವ ಮಹಿಳೆಯು ಪೂರ್ತಿ ಟಿಕೆಟು ಕೊಡಲೇಬೇಕಾಗುತ್ತದೆ.

ಊರಿನ ಭೌಗೋಳಿಕ ಸ್ಥಿತಿಯೂ ಇದಕ್ಕೆ ಸೇರುತ್ತದೆ. ನೀರಿನಾಚೆ ಕಣ್ಣಿಗೆ ಕಾಣುವ ಗಂಗೊಳ್ಳಿಗೆ ರಸ್ತೆಯಲ್ಲಿ ಹೋಗಬೇಕಾದರೆ ಹೆಮ್ಮಾಡಿ, ಮುಳ್ಳಿಕಟ್ಟೆಗಳನ್ನು ಸುತ್ತಬೇಕು. ಕೊಂಕಣ ರೈಲ್ವೆಯ ನಿಲ್ದಾಣವು ಪೇಟೆಯಿಂದ ಹೊರಗೆ ಮೂಡ್ಲಕಟ್ಟೆಯಲ್ಲಿದೆ. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗಿ ಶಾಸ್ತ್ರಿ ವೃತ್ತದ ಬಳಿ ಮೇಲ್ಸೇತುವೆ ಬಂದ ಮೇಲೆ, ಸ್ವಂತ ವಾಹನವಿರುವ ಗಿರಾಕಿಯು ಪೇಟೆಗೆ ಇಳಿಯದೆ ನೇರವಾಗಿ ಉಡುಪಿಗೋ ಮಂಗಳೂರಿಗೋ ಹೋಗುವುದು ಸುಲಭವಾಗಿದೆ. ಪೇಟೆಗೆ ಬಂದೇ ಬರುವ ಗಿರಾಕಿಯೆಂದರೆ ಬಹುಮಟ್ಟಿಗೆ ಬಸ್ಸು, ದ್ವಿಚಕ್ರ ಹಾಗೂ ಕಾಲ್ನಡಿಗೆಯ ಗಿರಾಕಿ. ಆತನ ಅನುಕೂಲವನ್ನು ಕಡೆಗಣಿಸುವುದು ವ್ಯಾಪಾರಕ್ಕೆ ಹಿತವಲ್ಲ.

ನಿಲುಗಡೆಯ ಲೆಕ್ಕ

ಅಂಗಡಿಯ ಮುಂದೆ ಬೆಳಿಗ್ಗೆ 9ರಿಂದ ಸಂಜೆ 7ರ ತನಕ ಒಂದು ಕಾರು ನಿಂತಿರುತ್ತದೆ ಎಂದು ಭಾವಿಸೋಣ. ಅನೇಕ ಸಲ ಅದು ಮಾಲಕರದೇ ಆಗಿರುತ್ತದೆ. ಆ ಜಾಗದಲ್ಲಿ ಎಂಟು-ಹತ್ತು ಸೈಕಲ್ ಅಥವಾ ನಾಲ್ಕು ಸ್ಕೂಟರ್ ನಿಲ್ಲಬಹುದು. ಸ್ಕೂಟರ್ ಒಂದಕ್ಕೆ ಅರ್ಧ ಗಂಟೆಯಂತೆ ದಿನಕ್ಕೆ 80 ಗಿರಾಕಿಗಳಿಗೆ ಅವಕಾಶವಾಗುತ್ತದೆ. ಕಾಲು ಭಾಗ ಮಾತ್ರ ಬಳಕೆಯಾದರೂ 20 ಮಂದಿ. ಅವರಲ್ಲಿ ಐವರಿಗೊಬ್ಬರು ಜಾಗವಿಲ್ಲದೆ ಮುಂದೆ ಹೋದರೆ ಕಳೆದುಹೋದವರು ನಾಲ್ವರು. ತಲಾ ರೂ. 400ರ ಖರೀದಿ, ಶೇ. 12 ಒಟ್ಟು ಲಾಭ ಎಂದು ಹಿಡಿದರೆ ದಿನಕ್ಕೆ ರೂ. 192, ತಿಂಗಳ 26 ದಿನಗಳಿಗೆ ರೂ. 4,992. ವರ್ಷಕ್ಕೆ ಸುಮಾರು ರೂ. 60,000 ಆಗುತ್ತದೆ. ಇದು ಆ ಕಾರಿನ ನಿಜವಾದ ಬಾಡಿಗೆ. ಪ್ರತಿಯೊಬ್ಬರೂ ತಮ್ಮ ಅಂಗಡಿಯ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ಮಾಡಿ ನೋಡಬಹುದು.

ಕೊನೆಯ ಬಸ್ಸಿನ ಲೆಕ್ಕ

ಒಳನಾಡಿನ ಊರಿಗೆ ಹೋಗುವ ಕೊನೆಯ ಬಸ್ಸು ಹಿಡಿಯಲು ನೌಕರರು ದಿನಾ ಅರ್ಧ ಗಂಟೆ ಮೊದಲೇ ಹೊರಡುತ್ತಾರೆ ಎಂದಿಟ್ಟುಕೊಳ್ಳೋಣ. ಮಾಸಿಕ ರೂ. 15,600 ಸಂಬಳ, 26 ದಿನ, ದಿನಕ್ಕೆ 8 ಗಂಟೆ ಎಂದರೆ ಗಂಟೆಗೆ ರೂ. 75. ತಿಂಗಳಿಗೆ 13 ಗಂಟೆ ನಷ್ಟ, ಅಂದರೆ ರೂ. 975. ಐವರು ನೌಕರರಿದ್ದಲ್ಲಿ ರೂ. 4,875. ಇದಕ್ಕಾಗಿ ನೌಕರರನ್ನು ದೂರುವುದು ಸರಿಯಲ್ಲ, ಏಕೆಂದರೆ ಬಸ್ಸು ತಪ್ಪಿದರೆ ಅವರು ಮನೆ ಸೇರುವಂತಿಲ್ಲ. ಕಚೇರಿ ಮುಗಿಸಿದವರು ಖರೀದಿಗೆ ಬರುವುದು ಸಂಜೆಯ ಅದೇ ಹೊತ್ತಿನಲ್ಲಿ ಎಂಬುದನ್ನೂ ಮರೆಯುವಂತಿಲ್ಲ.

ತೆರಿಗೆಯ ದೃಷ್ಟಿ

1. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿದಿದೆ. ಸಾಮಾನ್ಯ ಸೈಕಲ್ ಮೋಟಾರು ವಾಹನವಲ್ಲ. ಆದುದರಿಂದ ಸರಕು ತಲುಪಿಸಲು ವ್ಯಾಪಾರಕ್ಕಾಗಿ ಕೊಂಡ ಸೈಕಲ್ಲಿಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಅದನ್ನೇ ನೌಕರನಿಗೆ ಉಡುಗೊರೆಯಾಗಿ ಕೊಟ್ಟಲ್ಲಿ ಜಮೆ ಇಲ್ಲ.

2. ನೌಕರರನ್ನು ಕರೆತರಲು ಕೊಳ್ಳುವ ವಾಹನದಲ್ಲಿ ಚಾಲಕ ಸೇರಿ 13ಕ್ಕಿಂತ ಹೆಚ್ಚು ಆಸನಗಳಿದ್ದರೆ ಮಾತ್ರ ಜಮೆ ಲಭ್ಯ. ಸಾಮಾನ್ಯವಾಗಿ 13 ಅಥವಾ ಅದಕ್ಕಿಂತ ಕಡಿಮೆ ಆಸನಗಳ ವಾಹನಕ್ಕೆ ಇಲ್ಲ. ಖರೀದಿಗೆ ಮುನ್ನ ಆಸನಗಳನ್ನು ಎಣಿಸುವುದು ಒಳಿತು.

3. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಜಮೆ ಅನ್ವಯಿಸದು. ವಿನಾಯಿತಿ ಪಡೆದ ಸರಕು ಮಾರುವವರಿಗೂ ಆ ವ್ಯವಹಾರದ ಮಟ್ಟಿಗೆ ದೊರೆಯದು.

ಮಾಡಬಹುದಾದದ್ದು

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಟ್ರಿನ್ ಟ್ರಿನ್ ಎಂಬ ಸಾರ್ವಜನಿಕ ಸೈಕಲ್ ಯೋಜನೆಯು ಸುಮಾರು 450 ಸೈಕಲ್‌ಗಳೊಂದಿಗೆ ಆರಂಭವಾಯಿತು. ಕುಂದಾಪುರದಂಥ ಸಣ್ಣ ಪೇಟೆಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಪೇಟೆಯ ನೆಲ ಸಮತಟ್ಟಾಗಿದೆ, ದೂರಗಳೂ ಸಣ್ಣವು. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಬಿಡುವು ಕೊಡುವುದಿಲ್ಲ. ಆದುದರಿಂದ ಬಸ್ ನಿಲ್ದಾಣದ ಬಳಿ ಮಾಡಿನ ಕೆಳಗೆ, ಬೀಗ ಹಾಕಲು ಸರಳಿರುವ ಸೈಕಲ್ ನಿಲ್ದಾಣವೊಂದು ಮೊದಲ ಅಗತ್ಯ. ಮಳೆಗಾಲದ ನಾಲ್ಕು ತಿಂಗಳು ಬಸ್ಸೇ ಆಧಾರವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಬಸ್ಸುಗಳ ಪರವಾನಿಗೆ ಹಾಗೂ ವೇಳೆಯನ್ನು ನಿರ್ಧರಿಸುವುದು 1988ರ ಮೋಟಾರು ವಾಹನ ಕಾಯ್ದೆಯಂತೆ ರಚಿತವಾದ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು. ಬಸ್ಸು ಸಾಲದೆಂಬ ಬರಿಯ ದೂರಿಗಿಂತ, ಯಾವ ಮಾರ್ಗದಲ್ಲಿ, ಯಾವ ಹೊತ್ತಿಗೆ, ಎಷ್ಟು ಮಂದಿ ನೌಕರರು ಹೊರಡುತ್ತಾರೆ ಎಂಬ ಪಟ್ಟಿಗೆ ಅಲ್ಲಿ ಬೆಲೆ ಹೆಚ್ಚು. ಬಸ್ ಮಾಲಕರಿಗೂ ಕೊನೆಯ ಟ್ರಿಪ್ಪಿಗೆ ಇಷ್ಟು ಮಂದಿ ಖಂಡಿತ ಎಂಬ ಭರವಸೆ ಬೇಕು, ಏಕೆಂದರೆ ಖಾಲಿ ಬಸ್ಸಿನ ಡೀಸೆಲ್ ಖರ್ಚೂ ಲೆಕ್ಕವೇ.

ಆದುದರಿಂದ ಪ್ರತಿಯೊಂದು ಅಂಗಡಿ ಹಾಗೂ ಕಾರ್ಖಾನೆಯವರು ತಮ್ಮ ನೌಕರರ ಊರು, ಮಾರ್ಗ ಮತ್ತು ಹೊರಡುವ ವೇಳೆಯನ್ನು ಒಂದು ಹಾಳೆಯಲ್ಲಿ ಬರೆದು ತಮ್ಮ ಸಂಘಕ್ಕೆ ಒಪ್ಪಿಸುವುದು ಪ್ರಥಮ ಹೆಜ್ಜೆ. ಮಾಲಕರು ತಮ್ಮ ಕಾರನ್ನು ಅಂಗಡಿಯ ಮುಂದಿನಿಂದ ತೆಗೆದು ಬೇರೆಡೆ ನಿಲ್ಲಿಸುವುದು ಎರಡನೆಯದು. ಇವೆರಡಕ್ಕೂ ಸರಕಾರದ ಅನುದಾನಕ್ಕೆ ಕಾಯಬೇಕಿಲ್ಲ.