ಹಳೇ ಜೀಪಿಗೆ ಡೀಸೆಲ್ ಎಂಜಿನ್: ಕಿಲೋಮೀಟರಿನ ಲೆಕ್ಕ

ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದರೆ ದುಡ್ಡು ಉಳಿಯುತ್ತದೆ ಅನ್ನುವ ಮಾತು ನಮ್ಮ ಕಡೆ ನಲವತ್ತು ವರ್ಷದಿಂದ ಓಡಾಡುತ್ತಿದೆ. ಅದು ಸುಳ್ಳಲ್ಲ, ನಮ್ಮ ಮನೆಯಲ್ಲೇ ಉಳಿದಿದೆ. ಆದರೆ ಅಂದು ಉಳಿದದ್ದು ಇಂದೂ ಉಳಿಯುತ್ತದೆಯೇ? ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ ಕಡೆಯ ನನ್ನ ಭಾವ ತನ್ನ ಪೆಟ್ರೋಲ್ ಜೀಪಿನ ಎಂಜಿನ್ ಇಳಿಸುವ ಮುಂಚೆ ಒಂದು ಮಾತು ಕೇಳಿದರು. ಇಬ್ಬರೂ ಕೂತು ಹಾಕಿದ ಲೆಕ್ಕವನ್ನೇ ಈ ಸಲದ ಅಂಕಣಕ್ಕೆ ತಂದಿದ್ದೇನೆ.

ನಮ್ಮದು ಪಾಂಡವಪುರ ತಾಲ್ಲೂಕು, ಚಿನಕುರಳಿ ಕಡೆ. ಅಪ್ಪನ ಜೀಪು ಮಹೀಂದ್ರ ಸಿಜೆ-3ಬಿ. ಅದರ ಬಾನೆಟ್ ಅಷ್ಟು ಎತ್ತರ ಯಾಕೆಂದರೆ ಒಳಗಿದ್ದ ವಿಲ್ಲೀಸ್ ಹರಿಕೇನ್ ಎಂಜಿನ್ನೇ ಎತ್ತರ. 2,199 ಸಿಸಿ ಪೆಟ್ರೋಲ್. ಎಳೆಯುವುದರಲ್ಲಿ ಯಾವ ದೂರೂ ಇರಲಿಲ್ಲ. ಆಲೆಮನೆಯ ಬೆಲ್ಲ ಹೇರಿಕೊಂಡು ಮಂಡ್ಯದ ಮಾರುಕಟ್ಟೆಗೆ ಹೋಗುತ್ತಿತ್ತು, ವೈರಮುಡಿಗೆ ನೆಂಟರನ್ನೆಲ್ಲ ತುಂಬಿಕೊಂಡು ಮೇಲುಕೋಟೆ ಹತ್ತುತ್ತಿತ್ತು. ಕುಡಿಯುವುದರಲ್ಲಿ ಮಾತ್ರ ಅದಕ್ಕೆ ಲಗಾಮಿರಲಿಲ್ಲ. ಪೆಟ್ರೋಲಿನ ಅರ್ಧದ ಆಸುಪಾಸಿಗೆ ಡೀಸೆಲ್ ಸಿಗುತ್ತಿದ್ದ ಕಾಲ. ಪಂಪ್‌ಸೆಟ್ಟಿಗೆಂದು ಮನೆಯಲ್ಲಿ ಡೀಸೆಲ್ ಡ್ರಮ್ಮು ಹೇಗೂ ಇರುತ್ತಿತ್ತು. 1979ರಲ್ಲಿ ಮಹೀಂದ್ರ ಕಂಪನಿ ಫ್ರಾನ್ಸಿನ ಪ್ಯೂಜೋ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಎಕ್ಸ್‌ಡಿಪಿ 4.90 ಅನ್ನುವ 2,112 ಸಿಸಿ ಡೀಸೆಲ್ ಎಂಜಿನ್ ಇಲ್ಲೇ ತಯಾರಾಗತೊಡಗಿತು. ಎಂಬತ್ತರ ದಶಕದಲ್ಲಿ ಅಪ್ಪ ಅದನ್ನು ಹಾಕಿಸಿ, ಮಂಡ್ಯದ ಆರ್‌ಟಿಓ ಕಚೇರಿಗೆ ಜೀಪು ಒಯ್ದು ತೋರಿಸಿ, ನೋಂದಣಿ ಬುಕ್ಕಿನಲ್ಲಿ ಇಂಧನ ಡೀಸೆಲ್ ಎಂದೂ ಹೊಸ ಎಂಜಿನ್ ನಂಬರನ್ನೂ ಬರೆಸಿಕೊಂಡು ಬಂದರು. ಆಗಿದ್ದದ್ದು 1939ರ ಮೋಟಾರು ವಾಹನ ಕಾಯ್ದೆ. ಒಪ್ಪಿಗೆ ಪಡೆದು ಬದಲಾಯಿಸಿಕೊಳ್ಳಲು ಅದರಲ್ಲಿ ದಾರಿಯಿತ್ತು.

ಮೂರು ವರ್ಷದ ಹಿಂದೆ ಆ ಎಂಜಿನ್ ಹೊಗೆ ಕಾರಲು ಶುರು ಮಾಡಿತು. ಗುಜರಿಯಲ್ಲಿ ಬೇರೆ ಎಂಜಿನ್ ಸಿಗುತ್ತದೆ, ಎತ್ತಿ ಕೂರಿಸಿಬಿಡೋಣ ಎಂದರು ಗ್ಯಾರೇಜಿನವರು. ನಾನು ಒಪ್ಪಲಿಲ್ಲ. ಬ್ಲಾಕ್ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಂಡು ಲೈನರ್, ಪಿಸ್ಟನ್, ಬೇರಿಂಗ್ ಹೊಸದು ಹಾಕಿಸಬಹುದು. ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಕೆಲಸ, ಪಂಪು-ನಾಜಲ್ ಕ್ಯಾಲಿಬ್ರೇಷನ್, ಕೂಲಿ ಎಲ್ಲ ಸೇರಿ 78,000 ರೂಪಾಯಿ ಆಯಿತು. ಗುಜರಿ ಎಂಜಿನ್ನಿಗೆ ಹೇಳಿದ್ದ ಬೆಲೆಗಿಂತ ಇದು ಹೆಚ್ಚೇ. ಆದರೆ ಬ್ಲಾಕ್ ಉಳಿದರೆ ಅದರ ಮೇಲಿನ ನಂಬರ್ ಉಳಿಯುತ್ತದೆ, ನಂಬರ್ ಉಳಿದರೆ ಬುಕ್ಕು ಉಳಿಯುತ್ತದೆ. ಹಳೇ ಜೀಪಿನ ಬೆಲೆಯಲ್ಲಿ ದೊಡ್ಡ ಪಾಲು ಆ ಬುಕ್ಕಿನದೇ.

ಭಾವನ ಕಥೆ ಬೇರೆ. ಅವರ ಜೀಪು ಬುಕ್ಕಿನಲ್ಲೂ ಪೆಟ್ರೋಲ್, ಬಾನೆಟ್ಟಿನ ಕೆಳಗೂ ಪೆಟ್ರೋಲ್. ಗ್ಯಾರೇಜಿನವರು ಡೀಸೆಲ್ ಪರಿವರ್ತನೆಗೆ ಒಟ್ಟು 1.6 ಲಕ್ಷ ಹೇಳಿದ್ದರು. ಗೇರ್‌ಬಾಕ್ಸ್ ಸಮೇತ ಹಳೇ ಡೀಸೆಲ್ ಎಂಜಿನ್ನಿಗೆ ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದೆಲ್ಲ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ನಾನು ಶ್ರೀರಂಗಪಟ್ಟಣದ ಹತ್ತಿರದ ಒಂದು ಗ್ಯಾರೇಜಿನಲ್ಲಿ ನಿಂತು ನೋಡಿದ್ದೇನೆ. ಎಂಜಿನ್ ಚೈನ್ ಬ್ಲಾಕಿನಲ್ಲಿ ತೂಗುತ್ತಿರುತ್ತದೆ, ಕೂರುವ ಜಾಗ ಮಾತ್ರ ಅದರದ್ದಲ್ಲ. ಮೌಂಟಿಂಗ್ ಕತ್ತರಿಸಿ ಹೊಸದಾಗಿ ವೆಲ್ಡ್ ಮಾಡಬೇಕು. ಹಳೇ ಗೇರ್‌ಬಾಕ್ಸನ್ನೇ ಉಳಿಸಿಕೊಳ್ಳುವುದಾದರೆ ಎರಡರ ನಡುವೆ ದಪ್ಪನೆಯ ಕಬ್ಬಿಣದ ಅಡಾಪ್ಟರ್ ಪ್ಲೇಟ್ ಬೇಕು. ಅದರ ನಡುವಿನ ತೂತು ಕೂದಲೆಳೆಯಷ್ಟು ಓರೆಯಾದರೂ ಕ್ಲಚ್ಚೂ ಬೇರಿಂಗೂ ಬೇಗ ತಿಂದುಹೋಗುತ್ತವೆ. ಗೇರ್‌ಬಾಕ್ಸ್ ಬದಲಾಯಿಸಿದರೆ ಹಿಂದಿನ ಮುಂದಿನ ಪ್ರೊಪೆಲರ್ ಶಾಫ್ಟ್‌ಗಳನ್ನು ಅಳತೆಗೆ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಡೀಸೆಲ್ ಎಂಜಿನ್ ಭಾರ, ಮುಂದಿನ ಕಮಾನುಪಟ್ಟಿ ಕುಸಿಯುತ್ತದೆ. ದೊಡ್ಡ ಬ್ಯಾಟರಿ, ಹೀಟರ್ ಪ್ಲಗ್ಗಿನ ವೈರಿಂಗ್, ರೇಡಿಯೇಟರ್ ಬೇಕು. ಡ್ರೈವರ್ ಸೀಟಿನ ಕೆಳಗಿರುವ ಟ್ಯಾಂಕಿಗೆ, ಪಂಪಿನಿಂದ ಮಿಕ್ಕ ಡೀಸೆಲ್ ವಾಪಸ್ ಬರಲು ಇನ್ನೊಂದು ಪೈಪು ಕೂರಿಸಬೇಕು.

ಇಷ್ಟಾದರೂ ಹಿಂದಿನ ಆಕ್ಸಲ್ ಒಳಗೆ ಇರುವುದು ಪೆಟ್ರೋಲ್ ಎಂಜಿನ್ನಿಗೆ ಹೊಂದಿಸಿದ 5.38ರ ಕ್ರೌನ್-ಪಿನಿಯನ್. ಚಕ್ರ ಒಂದು ಸುತ್ತು ಹಾಕಲು ಶಾಫ್ಟು ಐದೂ ಚಿಲ್ಲರೆ ಸುತ್ತು ತಿರುಗಬೇಕು. ಡೀಸೆಲ್ ನಿಧಾನಕ್ಕೆ ತಿರುಗಿ ಎಳೆಯುವ ಜಾತಿ. ಗದ್ದೆ ಬಯಲಿನ ಕೆಸರಿಗೆ ಈ ಜೋಡಿ ಒಳ್ಳೆಯದೇ, ಆದರೆ ಹೆದ್ದಾರಿಗೆ ಬಂದರೆ ಅರವತ್ತರ ವೇಗಕ್ಕೇ ಎಂಜಿನ್ ಕಿರುಚುತ್ತದೆ. ಕ್ರೌನ್-ಪಿನಿಯನ್ ಬದಲಾಯಿಸಬೇಕೆಂದರೆ ಮುಂದೆ ಹಿಂದೆ ಎರಡೂ ಕಡೆ ಬದಲಾಯಿಸಬೇಕು, ಇಲ್ಲದಿದ್ದರೆ ಫೋರ್‌ವ್ಹೀಲ್ ಹಾಕುವಂತಿಲ್ಲ. ಆ ಖರ್ಚು 1.6 ಲಕ್ಷದಲ್ಲಿ ಸೇರಿರಲಿಲ್ಲ.

ಈಗ ಕಿಲೋಮೀಟರಿನ ಲೆಕ್ಕ. ರಾಜ್ಯ ಸರ್ಕಾರ 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿ, ಪೆಟ್ರೋಲ್ 103ರ ಹತ್ತಿರ ಇತ್ತು. ನಮ್ಮ ಲೆಕ್ಕ ಆ ಬೆಲೆಯದು. ಪೆಟ್ರೋಲ್ ಜೀಪು ಲೀಟರಿಗೆ 8 ಕಿಲೋಮೀಟರ್, ಡೀಸೆಲ್ ಆದರೆ 13 ಎಂದಿಟ್ಟುಕೊಳ್ಳಿ. ಪೆಟ್ರೋಲಿಗೆ ಕಿಲೋಮೀಟರಿಗೆ ಸುಮಾರು 12.90 ರೂಪಾಯಿ, ಡೀಸೆಲಿಗೆ 7. ಉಳಿಯುವುದು 5.90. ಇದೇ ಲೆಕ್ಕವನ್ನು 2012ಕ್ಕೆ ಹಾಕಿ. ಪೆಟ್ರೋಲ್ ಬೆಲೆ ಸರ್ಕಾರದ ಕೈಬಿಟ್ಟು ಎರಡು ವರ್ಷವಾಗಿತ್ತು, ಡೀಸೆಲ್ ಇನ್ನೂ ಹಿಡಿತದಲ್ಲೇ ಇತ್ತು. ಒಂದು 80ರ ಆಸುಪಾಸು, ಇನ್ನೊಂದು 45ರ ಆಸುಪಾಸು. ಆಗ ಕಿಲೋಮೀಟರಿಗೆ ಉಳಿಯುತ್ತಿದ್ದದ್ದು 6.50. ಡೀಸೆಲ್ ಬೆಲೆಯೂ 2014ರ ಅಕ್ಟೋಬರಿನಲ್ಲಿ ಹಿಡಿತ ತಪ್ಪಿತು. ಈ ವರ್ಷಗಳಲ್ಲಿ ಗ್ಯಾರೇಜಿನ ಕೂಲಿ, ಬಿಡಿಭಾಗ ಎಲ್ಲ ಏರಿವೆ, ಉಳಿತಾಯ ಮಾತ್ರ ಇಳಿದಿದೆ. ಊರಿನಲ್ಲಿ ಜನ ಹೇಳುವ ಡೀಸೆಲ್ ಲಾಭ ಆ ಹಳೇ ಕಾಲದ್ದು.

ಭಾವ ತೋಟದಿಂದ ಕಿಕ್ಕೇರಿ, ಕೆ.ಆರ್. ಪೇಟೆ, ಅಪರೂಪಕ್ಕೆ ಮೇಲುಕೋಟೆ ಎಂದು ಓಡಾಡುವವರು. ವರ್ಷಕ್ಕೆ 4,000 ಕಿಲೋಮೀಟರ್ ದಾಟುವುದಿಲ್ಲ. ಉಳಿತಾಯ 23,600 ರೂಪಾಯಿ. ಹಾಕಿದ 1.6 ಲಕ್ಷ ವಾಪಸ್ ಬರಲು ಏಳು ವರ್ಷದ ಹತ್ತಿರ. ಅದೂ ಕೈಯಲ್ಲಿ ದುಡ್ಡಿದ್ದರೆ. ಅವರು ಅತ್ತಿಗೆಯ ಒಡವೆ ಅಡವಿಡುವ ಯೋಚನೆಯಲ್ಲಿದ್ದರು. ವರ್ಷಕ್ಕೆ ಶೇ 9.5 ಬಡ್ಡಿ ಹಿಡಿದರೂ ಮೊದಲ ವರ್ಷವೇ 15,200 ಬಡ್ಡಿಗೆ ಹೋಗುತ್ತದೆ. ಕೈಗೆ ನಿಲ್ಲುವುದು 8,400. ಕಬ್ಬಿನ ಬಿಲ್ಲು ತಡವಾದ ವರ್ಷ ಅದೂ ಇಲ್ಲ. ಹೆಂಡತಿಯ ಒಡವೆಯನ್ನು ಇಷ್ಟಕ್ಕಾಗಿ ಬ್ಯಾಂಕಿನಲ್ಲಿಡುವುದು ಬೇಡ ಎಂದು ನಾನು ಖಂಡಿತವಾಗಿ ಹೇಳಿದೆ.

ಅವರ ಇನ್ನೊಂದು ಆತಂಕ ಶೇ 20 ಎಥನಾಲ್ ಬೆರೆತ ಪೆಟ್ರೋಲಿನದು. ಅದರಲ್ಲಿ ಹುರುಳಿದೆ. ನಾವೇ ಬೆಳೆದ ಕಬ್ಬು ಎಥನಾಲ್ ಆಗಿ ನಮ್ಮ ಟ್ಯಾಂಕಿಗೆ ಬರುವುದು ರೈತರಾಗಿ ಸಂತೋಷದ ವಿಷಯವೇ, ಆದರೆ ಹಳೇ ಕಾರ್ಬ್ಯುರೇಟರಿನ ರಬ್ಬರ್ ಪೈಪು, ಡಯಾಫ್ರಮ್ಮು ಅದಕ್ಕೆಂದು ಮಾಡಿದವಲ್ಲ. ಎಥನಾಲ್ ಇಲ್ಲದ ಪೆಟ್ರೋಲಿಗೆ ರೂಪಿಸಿ ಶೇ 10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಮೈಲೇಜು ಶೇ 6ರಿಂದ 7 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಎಂಟರ ಬದಲು ಏಳೂವರೆ ಕಿಲೋಮೀಟರ್ ಹಿಡಿದರೆ ಭಾವನ ವರ್ಷದ ಉಳಿತಾಯಕ್ಕೆ ಮೂರು ಸಾವಿರ ಚಿಲ್ಲರೆ ಸೇರುತ್ತದೆ. ತೀರ್ಮಾನ ಬದಲಾಗುವಷ್ಟಲ್ಲ.

ಇದೆಲ್ಲಕ್ಕಿಂತ ಮುಂಚೆ ಕೇಳಬೇಕಾದ್ದು ಕಾನೂನು. ಗ್ಯಾರೇಜಿನಲ್ಲಿ ಕೇಳಿದರೆ, “ಬುಕ್ಕೆಲ್ಲ ಆಮೇಲ್ ನೋಡ್ಕಳನ, ಮೊದ್ಲು ಎಂಜಿನ್ ಕೂರ್ಸನ” ಅನ್ನುತ್ತಾರೆ. ಆಮೇಲೆ ನೋಡಿಕೊಳ್ಳುವ ಕಾಲ ಹೋಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, 2000ದ ತಿದ್ದುಪಡಿಯಾದ ಮೇಲೆ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಾಯಿಸುವುದನ್ನು ತಡೆಯುತ್ತದೆ. ಸಿಎನ್‌ಜಿ, ಬ್ಯಾಟರಿಯಂಥವಕ್ಕೆ ನಿಯಮದ ಪ್ರಕಾರ ಕಿಟ್ ಹಾಕಿಸಲು ಅವಕಾಶವಿದೆ, ಗುಜರಿಯಿಂದ ತಂದ ಡೀಸೆಲ್ ಎಂಜಿನ್ ಆ ಲೆಕ್ಕಕ್ಕೆ ಬರುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಈ ಸೆಕ್ಷನ್ನನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ದಂಡಕ್ಕಿಂತ ದೊಡ್ಡ ನಷ್ಟ ಬೇರೆ ಇವೆ. ಹದಿನೈದು ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇಪ್ಪತ್ತು ವರ್ಷ ದಾಟಿದ ಲಘು ವಾಹನಕ್ಕೆ 2025ರ ಆಗಸ್ಟಿನಿಂದ ಅದರ ಶುಲ್ಕವೇ 10,000 ರೂಪಾಯಿ. ಮಂಡ್ಯದ ಕೆಎ-11 ಇರಲಿ, ನಾಗಮಂಗಲದ ಕೆಎ-54 ಇರಲಿ, ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ ನಂಬರ್ ನೋಡಿದ ದಿನ 1.6 ಲಕ್ಷ ಸುರಿದ ಜೀಪು ತೋಟದ ಬೇಲಿಯೊಳಗೇ ಉಳಿಯಬೇಕಾಗುತ್ತದೆ. ಅಪಘಾತವಾದರೆ ಬುಕ್ಕಿಗೂ ಎಂಜಿನ್ನಿಗೂ ತಾಳೆಯಾಗದ ವಾಹನಕ್ಕೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಒಂದು ಅಪಘಾತದ ಪರಿಹಾರ ಮೈಮೇಲೆ ಬಂದರೆ ಜಮೀನು ಮಾರಬೇಕಾದೀತು.

ಡೀಸೆಲ್ ಜೀಪೇ ಬೇಡ ಎಂದು ನಾನು ಹೇಳುತ್ತಿಲ್ಲ. ನಾಗಮಂಗಲದ ಗೆಳೆಯನೊಬ್ಬ ಕೊಬ್ಬರಿ ವ್ಯಾಪಾರಿ. ಬಿಂಡಿಗನವಿಲೆ, ಬೆಳ್ಳೂರು ಕ್ರಾಸ್, ತಿಪಟೂರು ಎಂದು ವರ್ಷಕ್ಕೆ 12,000 ಕಿಲೋಮೀಟರ್ ತಿರುಗುತ್ತಾನೆ. ಅವನಿಗೆ ಡೀಸೆಲಿನಿಂದ ವರ್ಷಕ್ಕೆ 70,000 ಉಳಿಯುತ್ತದೆ. ಅವನು ಎಂಜಿನ್ ಇಳಿಸುವ ಗೋಜಿಗೇ ಹೋಗಲಿಲ್ಲ. ತನ್ನ ಪೆಟ್ರೋಲ್ ಜೀಪನ್ನು ಇದ್ದ ಹಾಗೇ 1.4 ಲಕ್ಷಕ್ಕೆ ಮಾರಿದ. ಮೂಲ ಎಂಜಿನ್ನೇ ಇರುವ ಹಳೇ ಜೀಪಿಗೆ ಆಸೆಪಟ್ಟು ಕೊಳ್ಳುವವರು ಈಗ ಬೇಕಾದಷ್ಟು ಜನ ಇದ್ದಾರೆ. ಆ ದುಡ್ಡಿಗೆ 1.2 ಲಕ್ಷ ಸೇರಿಸಿ, ಕಂಪನಿಯಿಂದಲೇ ಡೀಸೆಲ್ ಆಗಿ ಬಂದ ಎಂಎಂ 540 ತಂದ. ಪರಿವರ್ತನೆಗಿಂತ 40,000 ಕಡಿಮೆಗೆ ಕೆಲಸ ಮುಗಿಯಿತು. ಕೊಳ್ಳುವಾಗ ನನ್ನನ್ನೂ ಕರೆದಿದ್ದ. ಬ್ಲಾಕಿನ ಮೇಲಿನ ಗ್ರೀಸು ಒರೆಸಿ, ಸೀಮೆಸುಣ್ಣ ಉಜ್ಜಿ, ಎದ್ದು ಕಂಡ ಒಂದೊಂದು ಅಂಕಿಯನ್ನೂ ಬುಕ್ಕಿನ ಜೊತೆ ಜೋರಾಗಿ ಓದಿ ತಾಳೆ ನೋಡಿದೆವು. ನವೀಕರಣಕ್ಕೆ ಕೆಲವೇ ತಿಂಗಳು ಬಾಕಿಯಿತ್ತು, ಆ 10,000 ರೂಪಾಯಿಯನ್ನು ಬೆಲೆಯಲ್ಲೇ ಕಳೆಸಿದ.

ಭಾವ ಪೆಟ್ರೋಲ್ ಎಂಜಿನ್ನನ್ನೇ ಉಳಿಸಿಕೊಂಡರು. ಎಥನಾಲ್ ತಡೆಯುವ ಪೈಪು, ಕಾರ್ಬ್ಯುರೇಟರ್ ಕಿಟ್, ಪಂಪಿನ ಡಯಾಫ್ರಮ್, ಟ್ಯಾಂಕ್ ಶುಚಿ, ಟ್ಯೂನಿಂಗ್ ಎಲ್ಲ ಸೇರಿ 14,000 ಆಯಿತು. ಒಡವೆ ಮನೆಯಲ್ಲೇ ಇದೆ.