ಉದ್ರಿ ಪುಸ್ತಕದಿಂದಲೇ ಶುರು ಮಾಡಿ

ಪ್ರಶ್ನೆ: ನನಗೆ 22 ವರ್ಷ. ಪಿಯುಸಿ ಕಾಮರ್ಸ್ ಮುಗಿದ ವರ್ಷವೇ ಅಪ್ಪನಿಗೆ ಹುಷಾರು ತಪ್ಪಿತು. ಓದು ಬಿಟ್ಟು ನಮ್ಮ ಕಿರಾಣಿ ಅಂಗಡಿಯಲ್ಲಿ ಕೂತೆ. ಎಂಟು ತಿಂಗಳಿಂದ ರಾತ್ರಿ ಹಳೇ ಲ್ಯಾಪ್‌ಟಾಪಿನಲ್ಲಿ ಯೂಟ್ಯೂಬ್ ನೋಡಿ ಪೈಥಾನ್ ಕಲಿಯುತ್ತಿದ್ದೇನೆ. ನೋಡುವಾಗ ಎಲ್ಲ ಅರ್ಥವಾಗುತ್ತದೆ, ನಾನೇ ಬರೆಯಲು ಕೂತರೆ ಒಂದು ಸಾಲೂ ಹೊಳೆಯುವುದಿಲ್ಲ. ಇಂಗ್ಲಿಷೂ ಅಷ್ಟಕ್ಕಷ್ಟೆ. ‘ಡಿಗ್ರಿ ಇಲ್ಲದವನಿಗೆ ಯಾರು ಕೆಲಸ ಕೊಡ್ತಾರೆ?’ ಅಂತಾರೆ ಅಪ್ಪ. ಇದು ನನ್ನ ತಲೆಗೆ ಹತ್ತುವುದಿಲ್ಲವೇ, ಮೇಡಂ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ದಿನವಿಡೀ ಅಂಗಡಿಯಲ್ಲಿ ನಿಂತು, ದಣಿದ ಮೈಯಲ್ಲಿ ಎಂಟು ತಿಂಗಳು ಬಿಡದೆ ಕಲಿಯಲು ಕೂತಿದ್ದೀರಿ. ನಿಮ್ಮ ತಲೆಯ ಬಗ್ಗೆ ನನಗೆ ಅನುಮಾನವಿಲ್ಲ. ಬೇರೆಯವರು ಲೆಕ್ಕ ಬಿಡಿಸುವಾಗ ಅರ್ಥವಾಗುವುದು ಬೇರೆ, ನಮಗೆ ಬಿಡಿಸಲು ಬರುವುದು ಬೇರೆ. ನೀವು ಇನ್ನೂ ಮೊದಲನೆಯದರಲ್ಲೇ ಇದ್ದೀರಿ.

ಒಂದು ತಿಂಗಳು ವಿಡಿಯೊ ಬಂದ್ ಮಾಡಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಉದ್ರಿ ಪುಸ್ತಕ ಇರಬೇಕಲ್ಲ, ಅದನ್ನೇ ಪ್ರೋಗ್ರಾಂ ಮಾಡಿ. ಮೊದಲ ದಿನ ಇಷ್ಟೇ ಸಾಕು: ಗಿರಾಕಿಯೊಬ್ಬರ ಎರಡು ಬಾಕಿ ಕೇಳಿಕೊಂಡು ಕೂಡಿ ಹೇಳಬೇಕು. 100 ಮತ್ತು 50 ಕೊಟ್ಟರೆ ಬಹುಶಃ 10050 ಎಂದು ಬರುತ್ತದೆ. ಗಾಬರಿಯಾಗಬೇಡಿ. ‘ಇನ್‌ಪುಟ್’ ನೀವು ಒತ್ತಿದ್ದನ್ನೆಲ್ಲ ಅಕ್ಷರವೆಂದೇ ಎತ್ತಿಕೊಳ್ಳುತ್ತದೆ, ಅಕ್ಷರಗಳನ್ನು ಕೂಡು ಎಂದರೆ ಪಕ್ಕಪಕ್ಕ ಜೋಡಿಸುತ್ತದೆ. ‘ಇಂಟ್’ಗೆ ಕೊಟ್ಟು ಸಂಖ್ಯೆ ಮಾಡಿಕೊಂಡರೆ 150 ಬರುತ್ತದೆ. ವಿಡಿಯೊದಲ್ಲಿ ಇದನ್ನು ಹತ್ತು ಸಲ ಕೇಳಿರುತ್ತೀರಿ. ನಿಮ್ಮದೇ ಗಿರಾಕಿಯ ಬಾಕಿ ಹತ್ತು ಸಾವಿರ ದಾಟಿತೆಂದರೆ ಮಾತ್ರ ಜನ್ಮದಲ್ಲಿ ಮರೆಯುವುದಿಲ್ಲ. ಆಮೇಲೆ ಹೆಸರು ಸೇರಿಸಿ, ಫೈಲಿನಲ್ಲಿ ಉಳಿಸಿ, ಜಮಾ ಕಳೆಯಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಅರ್ಧ ಗಂಟೆ ಒದ್ದಾಡಿದ ಮೇಲೇ ಉತ್ತರ ಹುಡುಕಿ.

ಇಂಗ್ಲಿಷಿನ ಭಯ ಬೇಡ. ಪೈಥಾನ್ ತನಗೆಂದು ಕಾದಿರಿಸಿಕೊಂಡ ಪದಗಳು ನಲವತ್ತೂ ಇಲ್ಲ. ಎರರ್ ಬಂದಾಗ ಕೊನೆಯ ಸಾಲು ಮೊದಲು ಓದಿ, ಆಗಿದ್ದೇನು ಎಂಬುದು ಅಲ್ಲೇ ಇರುತ್ತದೆ. ಇನ್ನೊಂದು ವಿಷಯ ನನಗೆ ಬಹಳ ಇಷ್ಟ: ಕನ್ನಡ ಅಂಕಿಯಲ್ಲಿ ೧೦೦ ಎಂದು ಒತ್ತಿದರೂ ‘ಇಂಟ್’ ಅದನ್ನು ನೂರೆಂದೇ ಓದುತ್ತದೆ. ಒತ್ತಿ ನೋಡಿ. ಕನ್ನಡದಲ್ಲೇ ವಿವರಣೆ ಬೇಕೆನಿಸಿದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ಧ್ವನಿಯ ಪಾಠಗಳಿವೆ.

ಡಿಗ್ರಿಯ ವಿಷಯದಲ್ಲಿ ಅಪ್ಪನ ಮಾತು ತಳ್ಳಿಹಾಕುವಂಥದ್ದಲ್ಲ. ಎಷ್ಟೋ ಕಂಪನಿಗಳು ಅರ್ಜಿಯಲ್ಲೇ ಡಿಗ್ರಿ ಕೇಳುತ್ತವೆ. ಜೋಹೊ ತರಹ ಪಿಯುಸಿ ಮುಗಿಸಿದವರಿಗೆ ತಾವೇ ತರಬೇತಿ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳುವವರು ಕೆಲವೇ. ನಿಮಗೆ ಪಿಯುಸಿ ಆಗಿದೆ, ಅಂಗಡಿ ನೋಡಿಕೊಳ್ಳುತ್ತಲೇ ಇಗ್ನೋದಲ್ಲಿ ಬಿಸಿಎ ಮಾಡಬಹುದು. ಮೊದಲು ಉದ್ರಿ ಲೆಕ್ಕ ಮುಗಿಯಲಿ, ಬಿಸಿಎಗೆ ಆಮೇಲೆ ಅರ್ಜಿ ಹಾಕಿ.

ಲೆಕ್ಕ ಸರಿಬಂದ ರಾತ್ರಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಿಗೆ ಗೊತ್ತಿರುವ ಯಾರಾದರೂ ಗಿರಾಕಿಯ ಹೆಸರು ಅವರೇ ಹೇಳಲಿ, ಬಾಕಿ ತಮ್ಮ ಪುಸ್ತಕಕ್ಕೆ ತಾಳೆಯಾಗುತ್ತದೋ ಅವರೇ ನೋಡಲಿ. ತಪ್ಪು ಹಿಡಿಯುವುದರಲ್ಲಿ ಅವರಿಗಿಂತ ಒಳ್ಳೆ ಪರೀಕ್ಷಕರು ನಿಮಗೆ ಸಿಗಲಾರರು. ಅವರೇನು ಹೇಳಿದರೆಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.